ಸುತ್ತೋಲೆ ಅಕ್ಕನ ತಾಲೀಮು

ಶಿಕ್ಷಣ ಕಚೇರಿಯ ಗೇಟಿಗೆ ನಮ್ಮ ಹೋರಾಟ ಸಮಿತಿಯವರು ಹೋದಾಗಲೆಲ್ಲ ಮನವಿ ತೆಗೆದುಕೊಳ್ಳಲು ಹೊರಗೆ ಬರುತ್ತಿದ್ದದ್ದು ಆಕೆಯೇ. ದೊಡ್ಡ ಸಾಹೇಬರು ಮಹಡಿಯ ಕಿಟಕಿಯ ಪರದೆ ಸರಿಸಿ ಒಂದೇ ಕಣ್ಣಿನಲ್ಲಿ ನೋಡುತ್ತಿದ್ದರು. ಕೆಳಗೆ ನಾವು ಗಂಟಲು ಹರಿದುಕೊಳ್ಳುತ್ತಿದ್ದೆವು. ಪುಸ್ತಕ ಬಂದಿಲ್ಲ, ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿಲ್ಲ, ಶಾಲಾ ವ್ಯಾನಿನ ಬ್ರೇಕು ಹಿಡಿಯುವುದಿಲ್ಲ. ಕೂಗುವುದಕ್ಕೆ ಕಾರಣದ ಕೊರತೆ ಯಾವತ್ತೂ ಇರಲಿಲ್ಲ. ಆಕೆ ಗೇಟಿನ ಸಣ್ಣ ಬಾಗಿಲು ತೆಗೆದು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು, ಮನವಿಯನ್ನು ನಮ್ಮೆದುರೇ ಪೂರ್ತಿ ಓದುತ್ತಿದ್ದಳು. ಬೇರೆ ಗುಮಾಸ್ತರು ಓದುತ್ತಿರಲಿಲ್ಲ. ಮಡಿಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋಗುತ್ತಿದ್ದರು.

"ಅಣ್ಣ, ಮೂರನೇ ಬೇಡಿಕೆ ನಮ್ಮ ಕಚೇರಿದಲ್ಲ, ಪುರಸಭೆದು. ಇಲ್ಲಿ ಕೊಟ್ರೆ ಇಲ್ಲೇ ಕೊಳೆಯುತ್ತೆ," ಎಂದು ನನಗೆ ಒಮ್ಮೆ ಹೇಳಿದಳು. ನಮ್ಮ ಹುಡುಗರಿಗೆ ಸಿಟ್ಟು ಬಂತು. ಕೂಗಲು ಬಂದವರನ್ನು ಕೂರಿಸಿ ಕಾಪಿ ತಿದ್ದುವ ಹಾಗೆ ಮಾಡಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಆದರೆ ಮಾತು ಸರಿಯಿತ್ತು. ಮೂರನೇ ಬೇಡಿಕೆಗೆ ಗೀಟು ಹೊಡೆದು ಕೊಟ್ಟೆ. ಅವತ್ತಿನಿಂದ ನಮ್ಮಿಬ್ಬರದು ಗೇಟಿನ ಪರಿಚಯ.

ಮೇಷ್ಟ್ರುಗಳು ಆಕೆಗೆ ಇಟ್ಟ ಹೆಸರು ಸುತ್ತೋಲೆ ಅಕ್ಕ. ಬೆನ್ನ ಹಿಂದೆ ಇಟ್ಟಿದ್ದರು, ಕೊನೆಗೆ ಮುಖದೆದುರೂ ಅದೇ ನಿಂತಿತು. ಕಚೇರಿಯಿಂದ ಶಾಲೆಗಳಿಗೆ, ಶಾಲೆಗಳಿಂದ ತಂದೆತಾಯಿಗಳಿಗೆ ಏನೇ ಮಾತು ಹೋಗಬೇಕಾದರೂ ಆಕೆಯ ಕೈಯಿಂದಲೇ ಹೋಗಬೇಕು. ನಾಳೆ ರಜೆ, ಇವತ್ತು ವ್ಯಾನು ತಡ, ಬುಧವಾರ ಲಸಿಕೆ, ಆಟದ ಮೈದಾನದಲ್ಲಿ ಹುಡುಗನೊಬ್ಬನ ಕೈ ಮುರಿದಿದೆ, ಎಲ್ಲವೂ. ಹೆಸರಿಗೆ ಸಂವಹನ ಸಹಾಯಕಿ. ಮೆಟ್ಟಿಲ ಕೆಳಗಿನ ಕೋಣೆ. ಅದರಲ್ಲಿ ಒಂದು ಕಂಪ್ಯೂಟರು, ಮೊಳೆ ಹೊಡೆದ ಗೋಡೆ, ತಲೆ ಎತ್ತಿ ನಿಂತರೆ ಮೆಟ್ಟಿಲಿಗೆ ಹಣೆ ತಗಲುವ ಮೂಲೆ. ಕೆಲಸ ಗುತ್ತಿಗೆಯದು, ವರ್ಷಕ್ಕೊಮ್ಮೆ ಸಾಹೇಬರು ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮೊದಲು ಆಕೆಯೂ ಗುತ್ತಿಗೆ ಟೀಚರೇ. ಹುದ್ದೆ ಕಡಿತವಾದಾಗ ಟೈಪಿಂಗ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಕಚೇರಿಗೆ ಎಳೆದುಕೊಂಡರು. ತಾಯಿ ಬೇಗ ಹೋಗಿದ್ದಳು. ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಈಕೆಯೇ. ಗಂಡ ನೀರು ಸರಬರಾಜಿನಲ್ಲಿ ಪಂಪು ನೋಡಿಕೊಳ್ಳುವವನು. ಪಂಪಿನ ಸದ್ದಲ್ಲಿ ಬದುಕಿ ಬದುಕಿ ಮಾತು ಬಿಟ್ಟವನು. ಮನೆಯಲ್ಲಿ ಇಬ್ಬರಿಗಾಗುವಷ್ಟು ಮಾತು ಆಕೆಯದೇ. ಕೂತಲ್ಲಿ ಕೂರುವ ಜೀವವಲ್ಲ. ಕೂತರೆ ಕಾಲು ಅಲ್ಲಾಡಬೇಕು, ನಿಂತರೆ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಬೇಕು. ಫೋನು ಸದ್ದು ಮಾಡದಿದ್ದರೂ ಎತ್ತಿ ನೋಡಿ ಇಡಬೇಕು.

ಶುರುವಿನಲ್ಲಿ ಭಾರಿ ಎಡವಟ್ಟುಗಳನ್ನೇ ಮಾಡಿದ್ದಳು. ಒಂದು ಶಾಲೆಯಲ್ಲಿ ಹೇನಿನ ಕಾಟ ಹೆಚ್ಚಾದಾಗ, ನಾಲ್ಕನೇ ತರಗತಿ ಬಿ ವಿಭಾಗದ ಮಕ್ಕಳ ತಲೆ ನೋಡಿ ಎಂದು ಊರಿಗೆಲ್ಲ ಮೆಸೇಜು ಹೊಡೆದಳು. ಮರುದಿನ ಎ ವಿಭಾಗದ ತಾಯಂದಿರು ಬಿ ವಿಭಾಗದ ಮಕ್ಕಳನ್ನು ವ್ಯಾನು ಹತ್ತಲು ಬಿಡಲಿಲ್ಲ. ಬಿ ವಿಭಾಗದ ತಂದೆಯೊಬ್ಬ ತನ್ನ ಮಗಳ ತಲೆ ಬೋಳಿಸಿ, ಕರೆದುಕೊಂಡು ಬಂದು ಆಕೆಯ ಮೇಜಿನ ಮುಂದೆ ನಿಲ್ಲಿಸಿದ. "ನೋಡ್ಕೊಳ್ಳಿ ಮೇಡಂ, ಈಗ ಎಲ್ಲಿದೆ ತೋರಿಸಿ," ಎಂದ. ಆಕೆ ಆ ಹುಡುಗಿಯ ಮುಖ ನೋಡಲಾರದೆ ಮೇಜಿನ ಕೆಳಗೆ ಬಿದ್ದಿಲ್ಲದ ಪೆನ್ನು ಹುಡುಕಿದಳಂತೆ.

ಅಲ್ಲಿಂದ ಕಲಿತಳು. ಮೊದಲ ಸಾಲಿನಲ್ಲೇ ಏನು ಮಾಡಬೇಕೆಂದು ಹೇಳಬೇಕು, ಕಾರಣ ಆಮೇಲೆ. ಮೇಷ್ಟ್ರಿಗೆ ಗೊತ್ತಾಗುವ ಮೊದಲು ಪತ್ರಿಕೆಯವರಿಗೆ ಗೊತ್ತಾಗಬಾರದು. ಅಡುಗೆಯವಳಿಗೂ ವ್ಯಾನಿನ ಡ್ರೈವರಿಗೂ ಎಲ್ಲರಿಗಿಂತ ಮೊದಲು ಹೇಳಬೇಕು, ಯಾಕೆಂದರೆ ತಾಯಂದಿರು ಹೆಡ್ ಮೇಷ್ಟ್ರನ್ನು ಕೇಳುವುದಿಲ್ಲ, ಡ್ರೈವರನ್ನು ಕೇಳುತ್ತಾರೆ. 'ಆತಂಕಪಡುವ ಅಗತ್ಯವಿಲ್ಲ' ಎಂಬ ಮಾತಂತೂ ಬರೆಯಲೇಬಾರದು. ಅದನ್ನು ಓದುವವರೆಗೆ ಯಾರಿಗೂ ಆತಂಕ ಇರುವುದಿಲ್ಲ.

ತಾಲೀಮು ಶುರುವಾದದ್ದೂ ಆಮೇಲೆಯೇ. ಕಹಿ ಸುದ್ದಿ ಹೇಳಬೇಕಾದ ಹೆಡ್ ಮೇಷ್ಟ್ರನ್ನು ಮೆಟ್ಟಿಲ ಕೆಳಗಿನ ಕೋಣೆಗೆ ಕರೆಸುತ್ತಿದ್ದಳು. ಅವರು ಕುರ್ಚಿಯಲ್ಲಿ ಮೇಷ್ಟ್ರಾಗಿಯೇ ಕೂರಬೇಕು. ಈಕೆ ಬಾಗಿಲ ಹೊರಗೆ ಹೋಗಿ, ತಾಯಿಯಾಗಿ ಒಳಗೆ ಬರುತ್ತಿದ್ದಳು. ಚೀಲ ಮೇಜಿನ ಮೇಲೆ ಕುಕ್ಕಿ ಶುರು ಮಾಡಿದಳೆಂದರೆ ಮೇಷ್ಟ್ರ ಹಣೆಯಲ್ಲಿ ಬೆವರು. ಒಂದು ಶಾಲೆಯ ಚಾವಣಿ ಗಾಳಿಗೆ ಹಾರಿ, ತರಗತಿಗಳನ್ನು ಎರಡು ಪಾಳಿ ಮಾಡಬೇಕಾಗಿ ಬಂದಾಗ, ಪಾಪ, ಆ ಮೇಷ್ಟ್ರು ಮೂರು ಸಲ ಸೋತರು. ಈಕೆ ಮೊದಲು ಕೂಗುವ ತಾಯಿಯಾದಳು, ಆಮೇಲೆ ಅಳುವ ತಾಯಿಯಾದಳು, ಕೊನೆಗೆ ಏನೂ ಮಾತಾಡದೆ ಸುಮ್ಮನೆ ಕೂತು ನೋಡುವ ತಂದೆಯಾದಳು. ಮೇಷ್ಟ್ರಿಗೆ ಕಷ್ಟವಾದದ್ದು ಆ ಮೂರನೆಯವನು. "ನಿಮಗಿಂತ ನಿಜವಾದ ಪೋಷಕರೇ ವಾಸಿ ಮೇಡಂ," ಎಂದು ಎದ್ದರು. "ಅದಕ್ಕೇ ಸಾರ್, ಮೊದ್ಲು ನನ್ ಹತ್ರ ಬೈಸ್ಕೊಳ್ಳಿ," ಎಂದು ಮತ್ತೆ ಕೂರಿಸಿದಳು.

ಈ ತಾಯಂದಿರೆಲ್ಲ ಆಕೆಗೆ ಸಿಗುತ್ತಿದ್ದದ್ದು ಬಸ್ ಡಿಪೋ ಹಿಂದಿನ ಶಾಲೆಯ ಗೇಟಿನೆದುರಿನ ಹೊಲಿಗೆ ಅಂಗಡಿಯಲ್ಲಿ. ಅಂಗಡಿ ತಂಗಿಯದು. ಆ ಶಾಲೆಯ ಸಮವಸ್ತ್ರವೆಲ್ಲ ಅಲ್ಲೇ ಹೊಲಿಯುವುದು. ತಂಗಿಯ ಮಗಳು ಅದೇ ಶಾಲೆಯಲ್ಲಿ ಮೂರನೇ ತರಗತಿ. ತಂಗಿಯ ಬಾಯಿ ಕತ್ತರಿಗಿಂತ ಚೂಪು. ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ನಿಂತರೆ ಎಂಥ ಗಿರಾಕಿಯೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ನಮ್ಮ ಸಮಿತಿಯ ಬ್ಯಾನರುಗಳಿಗೂ ಅಂಚು ಹೊಲಿದು ಕೊಡುವವಳು ಆಕೆಯೇ, "ನಿಮ್ಮ ಘೋಷಣೆಗಿಂತ ನನ್ನ ಹೊಲಿಗೆ ಜಾಸ್ತಿ ದಿನ ಬಾಳುತ್ತೆ," ಎನ್ನುತ್ತಿದ್ದಳು.

ಒಂದು ದಿನ ಸಾಹೇಬರು ಅಕ್ಕನನ್ನು ಮಹಡಿಗೆ ಕರೆಸಿ ಬಾಗಿಲು ಹಾಕಿಸಿದರು. ಡಿಪೋ ಹಿಂದಿನ ಶಾಲೆಯನ್ನು ಮುಚ್ಚುವ ಪ್ರಸ್ತಾಪ ಬಂದಿತ್ತು. ಮಕ್ಕಳು ಕಡಿಮೆ, ಮೇಷ್ಟ್ರುಗಳು ಕಡಿಮೆ, ಕಟ್ಟಡ ಹಳೆಯದು, ಮಕ್ಕಳನ್ನು ಹೆದ್ದಾರಿಯ ಆಚೆಯ ದೊಡ್ಡ ಶಾಲೆಗೆ ಸೇರಿಸುವುದು. ನಿಯಮದ ಪ್ರಕಾರ ನೋಟಿಸು ಹಾಕಿದ ಮೇಲೆ ಒಂದು ತಿಂಗಳು ಜನರ ಆಕ್ಷೇಪಣೆಗೆ ಬಿಡಬೇಕು. ಸಾಹೇಬರು ಕೇಳಿದ್ದು ಇಷ್ಟೇ: ಯಾವಾಗ ಹೇಳಿದರೆ ಗಲಾಟೆ ಕಡಿಮೆ?

ಆಕೆ ಹೇಳಿಬಿಟ್ಟಳು. ರಜೆ ಶುರುವಾದ ದಿನ ನೋಟಿಸು ಹಾಕಿದರೆ ಗೇಟಿನ ಹತ್ತಿರ ಯಾರೂ ಸುಳಿಯುವುದಿಲ್ಲ, ಶಾಲೆ ತೆರೆಯುವ ಹೊತ್ತಿಗೆ ತಿಂಗಳು ಮುಗಿದಿರುತ್ತದೆ. ನಡುವೆ ಒಂದು ಪೋಷಕರ ಸಭೆ ಮಾಡಿದರೆ ಹೇಳಿಲ್ಲ ಎನ್ನುವ ಹಾಗೂ ಇರುವುದಿಲ್ಲ. ಇದನ್ನು ಆಕೆ ನನ್ನ ಬಳಿ ಮುಚ್ಚಿಡಲಿಲ್ಲ. ಕೆಲಸ ಬಲ್ಲವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಉತ್ತರ ಬಾಯಿಗೆ ಬಂದುಬಿಡುತ್ತದೆ, ಯಾರ ಕೈಗೆ ಕೊಡುತ್ತಿದ್ದೇನೆಂದು ನೋಡುವುದಿಲ್ಲ. ಸಾಹೇಬರು ಶಹಬ್ಬಾಸ್ ಎಂದರು. ಮೆಟ್ಟಿಲಿಳಿದು ಬರುವಾಗ ಆಕೆಗೆ ತಂಗಿಯ ಮಗಳ ಮುಖ ನೆನಪಾಯಿತಂತೆ. ಅಷ್ಟರಲ್ಲಿ ಮಾತು ಮಹಡಿಯಲ್ಲೇ ಉಳಿದಿತ್ತು, ಹಿಂದಕ್ಕೆ ತರುವ ಹಾಗಿರಲಿಲ್ಲ. ಯಾರಿಗೂ ಬಾಯಿ ಬಿಡಬಾರದೆಂಬ ಕಟ್ಟಪ್ಪಣೆ ಬೇರೆ.

ಆಮೇಲಿನ ಎರಡು ತಿಂಗಳು ಆಕೆ ಮನುಷ್ಯಳಾಗಿರಲಿಲ್ಲ. ಪ್ರತಿ ಭಾನುವಾರ ತಂಗಿಯ ಮನೆಗೆ ಊಟಕ್ಕೆ ಹೋಗುವುದು ಮೊದಲಿನಿಂದ ಇದ್ದ ಪರಿಪಾಠ. ಹೋಗದಿದ್ದರೆ ಯಾಕೆಂದು ಕೇಳುತ್ತಾರೆ, ಹೋದರೆ ಕೂರಲಾಗುವುದಿಲ್ಲ. ಅನ್ನಕ್ಕೆ ಕೈ ಹಾಕಿ ಎದ್ದು ನೀರು ತರುವುದು, ತೊಳೆದಿಟ್ಟ ಪಾತ್ರೆ ಮತ್ತೆ ತೊಳೆಯುವುದು, ಬಾಗಿಲವರೆಗೆ ಹೋಗಿ ರಸ್ತೆ ನೋಡಿ ಬರುವುದು. "ಕಾಲಿಗೆ ಚಕ್ರ ಕಟ್ಕೊಂಡಿದೀಯಾ, ಕೂತು ಉಣ್ಣು," ಎಂದು ತಂಗಿ ಗದರುತ್ತಿದ್ದಳು. ಮಗು ಮಾತ್ರ ದೊಡ್ಡಮ್ಮನ ಹಿಂದೆ ಹಿಂದೆಯೇ ತಿರುಗಿ, ಇದು ಯಾವುದೋ ಆಟ ಎಂದುಕೊಂಡು ನಗುತ್ತಿತ್ತು.

ಅಂಥ ಒಂದು ಭಾನುವಾರ ತಂಗಿ ಬರುವ ವರ್ಷದ ಸಮವಸ್ತ್ರದ ಬಟ್ಟೆಯ ಮಾತು ತೆಗೆದಳು. ಈಗಲೇ ತರಿಸಿಟ್ಟುಕೊಂಡರೆ ಒಳ್ಳೆಯದು, ಆಮೇಲೆ ಒಂದೇ ಸಲ ಮುಗಿಬೀಳುತ್ತಾರೆ ಎಂದಳು. ಅಕ್ಕ ಸ್ವಲ್ಪ ತಡೆಯಲು ಹೇಳಿದಳು. ಯಾಕೆಂದು ತಂಗಿ ಕೇಳಿದಾಗ, ಸಮವಸ್ತ್ರದ ಬಣ್ಣ ಬದಲಾಯಿಸುತ್ತಾರೆಂದು ಕಚೇರಿಯಲ್ಲಿ ಯಾರೋ ಮಾತಾಡಿದ್ದು ಕೇಳಿದೆ ಎಂದುಬಿಟ್ಟಳು. ಆ ಕ್ಷಣಕ್ಕೆ ಬಾಯಿಗೆ ಬಂದ ಸುಳ್ಳು. ತಂಗಿ ನಂಬಿದಳು. ಅಕ್ಕನ ಮಾತು ನಂಬದಿರಲು ಅವಳಿಗೆ ಅಲ್ಲಿಯವರೆಗೆ ಕಾರಣವೇ ಸಿಕ್ಕಿರಲಿಲ್ಲ.

ರಜೆಗೆ ಸ್ವಲ್ಪ ದಿನ ಇರುವಾಗ ಒಂದು ಶನಿವಾರ ಮಧ್ಯಾಹ್ನ ತಾಲೀಮು ಇಟ್ಟರು. ಪೋಷಕರ ಸಭೆಯಲ್ಲಿ ಸಾಹೇಬರೇ ಮಾತಾಡುವವರಾದ್ದರಿಂದ ತಾಲೀಮೂ ಸಾಹೇಬರಿಗೇ. ಅದೂ ಸಭೆ ನಡೆಯುವ ಜಾಗದಲ್ಲೇ ಆಗಬೇಕೆಂದು ಅವರ ಹಟ. ಮಕ್ಕಳು ಮನೆಗೆ ಹೋದ ಮೇಲೆ ಡಿಪೋ ಹಿಂದಿನ ಶಾಲೆಯ ಸಭಾಂಗಣಕ್ಕೆ ಮೂವರು ಹೋದರು: ಸಾಹೇಬರು, ಹೆಡ್ ಮೇಷ್ಟ್ರು, ಅಕ್ಕ. ಗುಟ್ಟಿನ ವಿಷಯವಲ್ಲವೇ, ಬಾಗಿಲು ಹಾಕಿದರು, ಕಿಟಕಿಗಳನ್ನೂ ಬಿಗಿದರು. ಸಾಹೇಬರಿಗೆ ಮೈಕಿನಲ್ಲಿ ತಮ್ಮ ದನಿ ಹೇಗೆ ಕೇಳುತ್ತದೆಂದು ನೋಡುವ ಆಸೆಯಾಯಿತು. ಮೈಕಿನ ಪೆಟ್ಟಿಗೆಗೆ ಎರಡು ಗುಂಡಿ, ಒಂದು ಸಭಾಂಗಣದ ಸ್ಪೀಕರಿಗೆ, ಇನ್ನೊಂದು ಮಾಳಿಗೆಯ ಮೇಲಿನ ಹಾರನ್ನಿಗೆ. ಹೆಡ್ ಮೇಷ್ಟ್ರು ದಿನಾ ಬೆಳಿಗ್ಗೆ ಮಕ್ಕಳನ್ನು ಸಾಲು ನಿಲ್ಲಿಸಲು ಎರಡನ್ನೂ ಒತ್ತುವವರು. ಅವತ್ತೂ ಕೈ ತಾನಾಗಿ ಎರಡನ್ನೂ ಒತ್ತಿತು. ಗುಟ್ಟು ಹೊರಗೆ ಹೋಗಬಾರದೆಂದು ಬಾಗಿಲು ಕಿಟಕಿ ಬಿಗಿದು ಕೂತವರಿಗೆ, ತಮ್ಮ ತಲೆಯ ಮೇಲೆಯೇ ಗುಟ್ಟು ಕೂಗುತ್ತಿದ್ದದ್ದು ಕೇಳಲೇ ಇಲ್ಲ.

ನಾನು ಆಗ ಎದುರಿನ ಹೊಲಿಗೆ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದೆ. ವ್ಯಾನಿನ ಬ್ರೇಕಿನ ಬ್ಯಾನರಿಗೆ ಅಂಚು ಹಾಕಿಸಬೇಕಿತ್ತು. ಹಾರನ್ನು ಒಮ್ಮೆ ಕಿರ್ರೆಂದಿತು. ಸಾಹೇಬರ ದನಿ, "ದಪ್ಪ ಕೇಳ್ತಾ ಇದೆಯಾ?" ಎಂದು ಕೇಳಿತು. ಗಂಭೀರವಾಗಿದೆ ಸಾರ್, ಎಂದಿತು ಹೆಡ್ ಮೇಷ್ಟ್ರ ದನಿ. ಹಣ್ಣಿನ ಗಾಡಿಯವಳು ನಕ್ಕಳು. ಮುಂದಿನ ಮಾತಿಗೆ ಅವಳ ನಗು ನಿಂತಿತು. ಈ ಶಾಲೆಯನ್ನು ಬರುವ ವರ್ಷದಿಂದ ಹೆದ್ದಾರಿಯ ಆಚೆಯ ಶಾಲೆಯಲ್ಲಿ ವಿಲೀನಗೊಳಿಸಲಾಗುವುದು ಎಂದು ಸಾಹೇಬರು ಮಾನ್ಯ ಪೋಷಕರಿಗೆ ತಿಳಿಸಿದರು. ಬೀದಿಯಲ್ಲಿದ್ದ ಮಾನ್ಯ ಪೋಷಕರು ಇದ್ದಲ್ಲೇ ನಿಂತರು. ಸೈಕಲ್ ರಿಪೇರಿಯವನ ಕೈಯಲ್ಲಿ ಚಕ್ರ ಸುಮ್ಮನೆ ತಿರುಗುತ್ತಿತ್ತು.

ಆಮೇಲೆ ಬಂದದ್ದು ತಾಯಿಯ ದನಿ.

"ಸಾರ್, ನನ್ ಮಗಳು ಮೂರನೇ ಕ್ಲಾಸು. ಲಾರಿ ಬರೋದು ನೋಡಿದ್ರೆ ಓಡೋದಾ ನಿಲ್ಲೋದಾ ಅಂತ್ಲೂ ಗೊತ್ತಾಗಲ್ಲ ಅದಕ್ಕೆ. ಹೆದ್ದಾರಿ ಯಾರು ದಾಟಿಸ್ತಾರೆ?"

"ಅದು... ಪರಿಶೀಲನೆಯಲ್ಲಿದೆ ಅಮ್ಮ."

"ಪರಿಶೀಲನೆ ಬಂದು ಕೈ ಹಿಡ್ಕೊಂಡು ದಾಟಿಸುತ್ತಾ ಸಾರ್? ನಾನು ಮೆಷಿನ್ ಬಿಟ್ಟು ದಿನಾ ಎರಡು ಸಲ ಹೋಗ್ಬೇಕಾ? ನೀವು ಬಂದು ನನ್ ಅಂಗಡಿಲಿ ಕೂತ್ಕೊಂಡು ಗುಂಡಿ ಹಾಕ್ತೀರಾ?"

ಬೀದಿಯಲ್ಲಿ ಯಾರೋ ಶಿಳ್ಳೆ ಹಾಕಿದರು. ಯಾರಪ್ಪಾ ಈ ಹೆಣ್ಣುಮಗಳು ಎಂದು ನಾನೂ ಖುಷಿಯಿಂದ ಎದ್ದು ನಿಂತೆ. ನನ್ನ ಪಕ್ಕದಲ್ಲಿ ಹೊಲಿಗೆ ಯಂತ್ರ ನಿಂತಿತ್ತು. ತಂಗಿ ಬ್ಯಾನರನ್ನು ಸೂಜಿಯ ಕೆಳಗೇ ಬಿಟ್ಟು ಹಾರನ್ನನ್ನು ನೋಡುತ್ತಿದ್ದಳು. ಅವಳ ಮಗಳು, ಅವಳ ಅಂಗಡಿ, ಅವಳು ಮಾತಿನ ಕೊನೆಗೆ ಎಳೆಯುವ ರಾಗ, ಎಲ್ಲ ಅವಳದೇ. ಬಾಯಿ ಮಾತ್ರ ಅಕ್ಕನದು.

ಹಾರನ್ನು ನಿಲ್ಲಲಿಲ್ಲ. ಅಕ್ಕ ತಾಯಿಯ ದನಿ ಬಿಟ್ಟು ಕಚೇರಿಯ ದನಿಗೆ ಬಂದಳು. "ಸಾರ್, 'ಪರಿಶೀಲನೆ' ಬೇಡ. ಮುಚ್ತೀವಿ ಅಂತ ಹೇಳ್ಬಿಡಿ. ಬೀಳೋ ಪೆಟ್ಟು ಒಂದೇ ಸಲ ಬೀಳ್ಲಿ." ಸಾಹೇಬರಿಗೆ ಇನ್ನೂ ಒಂದು ಅನುಮಾನ. ಜನ ಆಕ್ಷೇಪಣೆ ಹಾಕಿಬಿಟ್ಟರೆ ಎಂದರು. "ರಜೆ ಶುರುವಾದ್ಮೇಲೆ ನೋಟಿಸ್ ಹಾಕಿದ್ರೆ ಯಾರೂ ಹಾಕಲ್ಲ ಸಾರ್. ಅದಕ್ಕೇ ತಾನೆ ಆ ದಿನ ಇಟ್ಟಿದ್ದು," ಎಂದಳು ಅಕ್ಕ.

ಬೀದಿಗೆ ಬೀದಿಯೇ ಇದನ್ನು ಕೇಳಿತು.

ವ್ಯಾನಿನ ಡ್ರೈವರು ಮೊದಲು ಓಡಿದ. ಹಿಂದೆ ನಾವೆಲ್ಲ. ಅವನು ಸಭಾಂಗಣದ ಬಾಗಿಲಿಗೆ ಗುದ್ದಿದ ಗುದ್ದು ಕೂಡ ಮಾಳಿಗೆಯ ಮೇಲಿಂದ ಕೇಳಿಸಿತು. ಬಾಗಿಲು ತೆರೆಯಿತು. "ಏನ್ರೀ ಇದು, ಕೇಳದೆ ಒಳಗೆ ಬರ್ತೀರಿ?" ಎಂದರು ಹೆಡ್ ಮೇಷ್ಟ್ರು, ಅದನ್ನೇ ಮೇಲಿನಿಂದ ಹಾರನ್ನು ಇಡೀ ಪೇಟೆಗೆ ಹೇಳಿತು. ಅವರ ಮುಖ ಬಿಳಿಚಿತು. ಸಾಹೇಬರು ಮೈಕನ್ನು ಹಾವನ್ನು ಬಿಟ್ಟ ಹಾಗೆ ಕೈಬಿಟ್ಟರು. ಅದು ಬಿದ್ದ ಸದ್ದಿಗೆ ಡಿಪೋದಲ್ಲಿ ನಿಂತಿದ್ದವರೂ ತಿರುಗಿದರಂತೆ.

ಅಕ್ಕ ಜನರ ನಡುವೆ ಹೊರಗೆ ಬಂದಳು. ಯಾರೂ ಮುಟ್ಟಲಿಲ್ಲ. ಬೈಯುವುದೋ ಹೊಗಳುವುದೋ ಜನರಿಗೇ ತೀರ್ಮಾನವಾಗಿರಲಿಲ್ಲ. ಗೇಟಿನಲ್ಲಿ ತಂಗಿ ನಿಂತಿದ್ದಳು, ಕೊರಳಲ್ಲಿ ಟೇಪು.

"ಬಣ್ಣ ಬದಲಾಯಿಸ್ತಾರೆ ಅಂದಿದ್ದೆ," ಎಂದಳು ತಂಗಿ. ಅಷ್ಟೇ. ರಸ್ತೆ ದಾಟಿ ಅಂಗಡಿಗೆ ಹೋಗಿ ಬಾಗಿಲೆಳೆದಳು. ನನ್ನ ಬ್ಯಾನರು ಒಳಗೇ ಉಳಿಯಿತು.

ಸೋಮವಾರ ಕಚೇರಿಯಲ್ಲಿ ನಡೆದದ್ದನ್ನು ಆಕೆ ಆಮೇಲೆ ನನಗೆ ಹೇಳಿದಳು. ಸಾಹೇಬರು ಕೂಗಾಡಲಿಲ್ಲ. ಅದೇ ಅಪಾಯದ ಲಕ್ಷಣ. ಬಿಸ್ಕತ್ತು ಮುಂದಿಟ್ಟು, ಆದದ್ದು ಆಯಿತು, ಈಗ ಅಳಿಸಬೇಕು ಎಂದರು. ಪೋಷಕರೆಲ್ಲರಿಗೂ ಒಂದು ಮೆಸೇಜು ಹೋಗಬೇಕು: ಶನಿವಾರ ಶಾಲೆಯಲ್ಲಿ ನಡೆದದ್ದು ವಾರ್ಷಿಕೋತ್ಸವದ ನಾಟಕದ ತಾಲೀಮು, ಶಾಲೆ ಮುಚ್ಚುವ ಯಾವ ಪ್ರಸ್ತಾಪವೂ ಇಲ್ಲ, ಪೋಷಕರು ಆತಂಕಪಡುವ ಅಗತ್ಯವಿಲ್ಲ. ರಜೆ ಶುರುವಾದ ಮೇಲೆ ನೋಟಿಸು ಹೇಗೂ ಇದ್ದೇ ಇದೆ. ಇದನ್ನು ಕಳಿಸಿದರೆ ಶನಿವಾರದ್ದು ಕೈತಪ್ಪು ಎಂದು ಬಿಡುತ್ತೇವೆ, ಗುತ್ತಿಗೆಗೂ ಸಹಿಯಾಗುತ್ತದೆ. ಕಳಿಸದಿದ್ದರೆ, ಬೇಕೆಂದೇ ಗುಟ್ಟು ಬಯಲು ಮಾಡಿದ್ದೀರಿ ಎಂದು ಬರೆಯಬೇಕಾಗುತ್ತದೆ. "ಬಿಸ್ಕತ್ ತಗೊಳ್ಳಿ ಮೇಡಂ," ಎಂದರು ಕೊನೆಗೆ.

ಆಕೆ ಕೋಣೆಗೆ ಬಂದಳು. ಮೆಸೇಜನ್ನು ಹೇಳಿದ ಹಾಗೆಯೇ ಟೈಪು ಮಾಡಿದಳು. ಕಳಿಸಲಿಲ್ಲ. ಎದ್ದು ನೀರು ಕುಡಿದು ಬಂದಳು, ಮತ್ತೆ ಎದ್ದು ಹೋಗಿ ಲೋಟ ತೊಳೆದು ಬಂದಳು. ಗಂಡನಿಗೆ ಫೋನು ಮಾಡಿದಳು. ಪಂಪಿನ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ. ನಿನಗೆ ಸರಿ ಅನ್ನಿಸಿದ್ದು ಮಾಡು ಎಂದ, ಯಾವ ವಿಷಯಕ್ಕೆಂದು ಅವನಿಗೇ ಗೊತ್ತಿಲ್ಲದೆ. ಸಾಹೇಬರ ಗುಮಾಸ್ತ ಎರಡು ಸಲ ಬಂದು ಇಣುಕಿ ಹೋದ. ಆಕೆ ಕೋಣೆಯ ಗೋಡೆಯಿಂದ ಗೋಡೆಗೆ ನಡೆದಳು. ನಾಲ್ಕು ಹೆಜ್ಜೆಗೆ ಮುಗಿಯುವ ಕೋಣೆ. ಮೆಟ್ಟಿಲಿಗೆ ಹಣೆ ಬಡಿದುಕೊಂಡಳು. ಆ ನೋವಿನಲ್ಲೇ ಕೂತು ಟೈಪು ಮಾಡಿದ್ದನ್ನು ಅಳಿಸಿ ಬೇರೆ ಬರೆದಳು. ಯಾರಿಗೂ ತೋರಿಸಲಿಲ್ಲ. ಒತ್ತಿದಳು.

ಅದು ನನ್ನ ಫೋನಿಗೂ ಬಂತು, ಅದೇ ಶಾಲೆಯಲ್ಲಿ ಓದುವ ನನ್ನ ಮೊಮ್ಮಗನ ಹೆಸರಿಗೆ ಕೊಟ್ಟಿದ್ದ ನಂಬರು ನನ್ನದೇ. 'ಡಿಪೋ ಹಿಂದಿನ ಶಾಲೆ ಬೇಕು ಎನ್ನುವವರು ರಜೆಗೆ ಮೊದಲೇ ಶಿಕ್ಷಣ ಕಚೇರಿಗೆ ಬರವಣಿಗೆಯಲ್ಲಿ ಕೊಡಿ. ಕೊಟ್ಟಿದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಿರಿ. ಶನಿವಾರ ಮೈಕಿನಲ್ಲಿ ನೀವು ಕೇಳಿದ್ದು ನಿಜ. ಮುಚ್ಚುವ ಪ್ರಸ್ತಾಪ ಇದೆ, ತೀರ್ಮಾನ ಇನ್ನೂ ಆಗಿಲ್ಲ. ಆ ಹೆಂಗಸಿನ ದನಿ ನನ್ನದು.' ಕೆಳಗೆ ಸಂವಹನ ಸಹಾಯಕಿ ಎಂದು.

ಧೈರ್ಯ ಮಾಡಿದೆ ಕಣಮ್ಮಾ ಎಂದು ನಾನು ಮುಂದೊಂದು ದಿನ ಹೊಗಳಲು ಹೋದೆ. ಆಕೆಗೆ ಹೊಗಳಿಕೆ ಹಿಡಿಸಲಿಲ್ಲ.

"ಧೈರ್ಯ ಅಲ್ಲ ಅಣ್ಣ. ಎಲ್ಲರೂ ಕಿವಿಯಾರೆ ಕೇಳಿದ್ದನ್ನ ನಾಟಕ ಅಂತ ಬರೆದ್ರೆ ನಾಳೆಯಿಂದ ನಾನು ಬರೆದಿದ್ದು ಯಾವುದನ್ನೂ ನಂಬಲ್ಲ. ಟ್ಯಾಂಕಲ್ಲಿ ಏನೋ ಸತ್ತು ಬಿದ್ದಿದೆ, ಮಕ್ಕಳಿಗೆ ನೀರು ಕುಡಿಸ್ಬೇಡಿ ಅಂದ್ರೂ ನಂಬಲ್ಲ. ಆಮೇಲೆ ಆ ಕುರ್ಚಿಲಿ ನಾನು ಕೂತ್ರೇನು, ಕಲ್ಲು ಕೂತ್ರೇನು?"

ಮೆಸೇಜು ಬಂದ ದಿನ ಸಂಜೆ ನಮ್ಮ ಸಮಿತಿಯ ಸಭೆಯಲ್ಲಿ ಬಿಸಿಬಿಸಿ ಜಗಳ. ಹುಡುಗರಿಗೆ ಆಕೆಯನ್ನು ವೇದಿಕೆಗೆ ಹತ್ತಿಸಿ ಹಾರ ಹಾಕುವ ಆತುರ. ಬೇಕೆಂದೇ ಮೈಕು ಹಾಕಿಸಿದ್ದಾಳೆ, ಒಳಗಿದ್ದುಕೊಂಡೇ ನಮಗಾಗಿ ಹೋರಾಡಿದ ಹೆಣ್ಣು ಎಂದರು. ಹಳೆಯ ಬಸ್ ಕಂಡಕ್ಟರು ಮೇಜು ಗುದ್ದಿದ. ರಜೆಯ ದಿನ ಹುಡುಕಿಕೊಟ್ಟವಳೇ ಅವಳು, ಅವಳ ಬಾಯಿಂದಲೇ ಕೇಳಿದ್ದೀರಿ, ಹಾರ ಹಾಕಿದರೆ ನಾನು ಸಮಿತಿ ಬಿಡುತ್ತೇನೆ ಎಂದ. ಎರಡೂ ಕಡೆಯವರು ನನ್ನ ಮುಖ ನೋಡಿದರು. ನನಗೂ ಹಾರದ ಕಡೆಗೇ ಮನಸ್ಸಿತ್ತು, ಸುಳ್ಳು ಯಾಕೆ ಹೇಳಲಿ. ಚಳವಳಿಗೆ ಒಬ್ಬ ಒಳ್ಳೆಯ ಹೆಣ್ಣುಮಗಳು ಸಿಕ್ಕರೆ ಯಾರು ಬೇಡ ಎನ್ನುತ್ತಾರೆ. ಆಕೆಯನ್ನೇ ಕರೆಸಿದೆವು. ಬಂದಳು, ಕುರ್ಚಿ ಕೊಟ್ಟರೆ ಕೂರಲಿಲ್ಲ. ಮೈಕು ಹಾಕಿದ್ದು ತಾನಲ್ಲ, ಗೊತ್ತಿದ್ದರೆ ತಾನೇ ಎದ್ದು ಆರಿಸುತ್ತಿದ್ದೆ ಎಂದಳು. ರಜೆಯ ದಿನ ಹೇಳಿದ್ದು ತಾನೇ ಎಂದಳು. ಹಾರದ ಮಾತು ಅಲ್ಲಿಗೆ ಮುಗಿಯಿತು. ಕಂಡಕ್ಟರಿಗೂ ಬೈಯುವುದಕ್ಕೆ ಏನೂ ಉಳಿಯಲಿಲ್ಲ. ಹೋಗುವಾಗ ಬಾಗಿಲಲ್ಲಿ ತಿರುಗಿ, ಆಕ್ಷೇಪಣೆಗಳನ್ನೆಲ್ಲ ಒಂದೇ ನಮೂನೆಯಲ್ಲಿ ಅಚ್ಚು ಹಾಕಿಸಬೇಡಿ, ಒಂದು ಎಂದು ಲೆಕ್ಕ ಹಾಕಿ ಬಿಸಾಕುತ್ತಾರೆ, ಒಬ್ಬೊಬ್ಬರೂ ತಮ್ಮ ಮಾತಲ್ಲಿ ಬರೆಯಲಿ ಎಂದು ಹೇಳಿ ಹೋದಳು.

ಹಾಗೇ ಬರೆಸಿದೆವು. ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸಿದರು. ಸ್ವೀಕೃತಿ ಕೊಡುವ ಗುಮಾಸ್ತನ ಮೊಹರಿನ ಶಾಯಿ ಒಣಗಿ, ಪಕ್ಕದ ವಿಭಾಗದಿಂದ ತರಿಸಬೇಕಾಯಿತು. ಆಕ್ಷೇಪಣೆಗಳ ರಾಶಿ ಬಿದ್ದದ್ದರಿಂದ ಕಚೇರಿಯವರು ವಿಚಾರಣೆಯನ್ನು ರಜೆಗೆ ಮೊದಲೇ ಇಡಬೇಕಾಯಿತು. ತಂಗಿಯೂ ಎದ್ದು ನಿಂತು ಮಾತಾಡಿದಳು. ಹೊರಗೆ ಕಂಬದ ಹತ್ತಿರ ನಿಂತಿದ್ದ ಅಕ್ಕನ ಕಡೆ ಒಮ್ಮೆಯೂ ನೋಡಲಿಲ್ಲ. ಹೆದ್ದಾರಿಗೆ ಮೇಲ್ಸೇತುವೆ ಆಗುವವರೆಗೆ ಶಾಲೆ ಮುಚ್ಚುವುದಿಲ್ಲ ಎಂದು ತೀರ್ಮಾನವಾಯಿತು. ಗೆದ್ದೆವು ಎಂದು ಹುಡುಗರು ಕುಣಿದರು. ನಾನು ಕುಣಿಯಲಿಲ್ಲ. ಸೇತುವೆ ಕಟ್ಟಿಬಿಟ್ಟರೆ ಮತ್ತೆ ಗೇಟಿಗೆ ಹೋಗಬೇಕು, ಕಟ್ಟದಿದ್ದರೂ ಹೋಗಬೇಕು.

ಅಕ್ಕನ ಗುತ್ತಿಗೆಗೆ ಸಹಿಯಾಗಲಿಲ್ಲ. ಅದರ ಬಗ್ಗೆ ಗೇಟಿನಲ್ಲಿ ಕೂಗುತ್ತೇವೆ ಎಂದೆವು. ಬೇಡ ಎಂದಳು. ಈಗ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾಳೆ. ಮೆಟ್ಟಿಲ ಕೆಳಗಿನ ಕೋಣೆಗೆ ಬಂದ ಹೊಸಬ, 'ಆತಂಕಪಡುವ ಅಗತ್ಯವಿಲ್ಲ' ಎಂದು ವಾರಕ್ಕೆ ಎರಡು ಸಲ ಕಳಿಸುತ್ತಾನೆ.

ಕೆಲಸ ಹೋದದ್ದನ್ನು ಆಕೆ ತಡೆದುಕೊಂಡಳು. ತಡೆದುಕೊಳ್ಳಲಾಗದ್ದು ಭಾನುವಾರ. ತಂಗಿ ಬಾ ಎನ್ನಲಿಲ್ಲ. ಬರಬೇಡ ಎಂದೂ ಹೇಳಲಿಲ್ಲ. ಅಕ್ಕ ಡಿಪೋ ತಿರುವಿನವರೆಗೆ ಬಂದು, ಅಂಗಡಿಯನ್ನು ದೂರದಿಂದ ನೋಡಿ, ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗುತ್ತಿದ್ದಳು. ಸೈಕಲ್ ರಿಪೇರಿಯವನು ಇದನ್ನು ಹಲವು ಸಲ ನೋಡಿ ನನಗೆ ಹೇಳಿದ. ನಾನು ನಡುವೆ ಬಾಯಿ ಹಾಕಲಿಲ್ಲ. ಮಂತ್ರಿಗಳ ಕಾರಿಗೆ ಅಡ್ಡ ಮಲಗಬಹುದು, ಅಕ್ಕತಂಗಿಯರ ನಡುವೆ ಹೋಗಬಾರದು.

ಒಂದು ದಿನ ನನ್ನ ಹರಿದ ಚೀಲಕ್ಕೆ ಹೊಲಿಗೆ ಹಾಕಿಸಲು ಅಂಗಡಿಯಲ್ಲಿ ಕೂತಿದ್ದೆ. ಅಕ್ಕ ತಿರುವಿನಿಂದ ಹಿಂದಿರುಗದೆ ನೇರ ಬಂದು ಹೊಸ್ತಿಲ ಹೊರಗೆ ನಿಂತಳು. ತಂಗಿ ತಲೆ ಎತ್ತಲಿಲ್ಲ. ಯಂತ್ರ ಓಡುತ್ತಲೇ ಇತ್ತು. ಕಚೇರಿಯ ಕಟ್ಟಪ್ಪಣೆ ಇತ್ತು, ಕೆಲಸದ ಪ್ರಶ್ನೆ ಇತ್ತು, ಹೇಳಿದ್ದರೆ ನಿನ್ನ ಬಾಯಿಂದ ಬೀದಿಗೆ ಬೀಳುತ್ತಿತ್ತು ಎಂದು ಅಕ್ಕ ಒಂದೊಂದಾಗಿ ಹೇಳಿದಳು. ಎಷ್ಟೋ ಮೇಷ್ಟ್ರುಗಳಿಗೆ ಉತ್ತರ ಕಲಿಸಿದವಳಿಗೆ ಒಂದು ಉತ್ತರವೂ ನೆಟ್ಟಗೆ ಬರಲಿಲ್ಲ. ತಂಗಿ ಚೀಲದ ಒಂದು ಬದಿ ಮುಗಿಸಿ, ತಿರುಗಿಸಿ, ಇನ್ನೊಂದು ಬದಿ ಶುರು ಮಾಡಿದಳು.

"ನೀನು ಶಾಲೆ ಮುಚ್ಚೋ ವಿಷ್ಯ ಹೇಳ್ಲಿಲ್ಲ ಅಂತ ಅಲ್ಲ ನಂಗೆ," ಎಂದಳು, ಹೊಲಿಯುತ್ತಲೇ. "ಎಂಟು ಭಾನುವಾರ ನನ್ ಮನೇಲಿ ಉಂಡೆ. ನನ್ ಮಾತು ಹೊತ್ಕೊಂಡು ಹೋಗಿ ಆ ಸಾಹೇಬನಿಗೆ ಪಾಠ ಮಾಡ್ದೆ."

"ಹೇಳೋ ಹಾಗಿರಲಿಲ್ವೇ."

"ಹೇಳೋ ಹಾಗಿಲ್ಲ ಅಂತನಾದ್ರೂ ಹೇಳ್ಬಹುದಿತ್ತು. ಅಕ್ಕಂಗೆ ಏನೋ ಕಷ್ಟ ಇದೆ, ಬಾಯಿ ಬಿಡೋ ಹಾಗಿಲ್ಲ ಅಂತ ಅರ್ಥ ಮಾಡ್ಕೊಂಡು ಸುಮ್ನಿರ್ತಿದ್ದೆ. ಬಣ್ಣ ಅಂದ್ಯಲ್ಲ, ಬಣ್ಣ."

ಅಕ್ಕ ಹೊಸ್ತಿಲ ಮೇಲೆ ಒಂದು ಕಾಲು ಇಟ್ಟಳು, ತೆಗೆದಳು. ಒಳಗಿನಿಂದ ಮಗು ಓಡಿ ಬಂದು ಕೈ ಹಿಡಿದು ಎಳೆಯಿತು. ತಂಗಿ ದಾರ ಕಡಿದು ಚೀಲವನ್ನು ನನ್ನ ಕಡೆ ಎಸೆದಳು. ಇನ್ನು ನೀವು ಹೊರಡಿ ಅಣ್ಣ ಎಂದಳು, ಮೂಲೆಯ ಸ್ಟೂಲನ್ನು ಕಾಲಿನಿಂದಲೇ ಅಕ್ಕನ ಕಡೆಗೆ ತಳ್ಳುತ್ತಾ. ನಾನು ಎದ್ದೆ. ರಸ್ತೆ ದಾಟಿ ತಿರುಗಿ ನೋಡಿದಾಗ ಅಕ್ಕ ಕೂತಿದ್ದಳು. ಕಾಲು ಅಲ್ಲಾಡುತ್ತಲೇ ಇತ್ತು.